ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಕಾರ್ಡಿನ ನಂಬರು ನೋಡಿರಿ



ಈ ಸಲದ ವಿಷಯ ನೋಡಿ ಕೆಲವರು ಹುಬ್ಬೇರಿಸಬಹುದು. ಬಟ್ಟೆ ಅಂಗಡಿಯವನಿಗೆ, ಅದರಲ್ಲೂ ಮ್ಯಾಟ್ರಿಕ್ ಮುಗಿಸಿ ನೇರವಾಗಿ ಗಲ್ಲೆಗೆ ಬಂದು ಕುಳಿತವನಿಗೆ, ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ವೈ-ಫೈ ಕಾರ್ಡಿನ ಉಸಾಬರಿ ಏಕೆ ಎಂದು ಕೇಳಬಹುದು. ಉಸಾಬರಿ ಬೇಡವೆಂದು ಸುಮ್ಮನೆ ಕುಳಿತಿದ್ದರೆ ನನ್ನ ನಲವತ್ತೆರಡು ಸಾವಿರ ರೂಪಾಯಿ ಹೋಗುತ್ತಿತ್ತು. ರೂಪಾಯಿಗಿಂತ ಹೆಚ್ಚಾಗಿ, ಗಿರಾಕಿಗೆ ಕೊಟ್ಟ ಮಾತು ಹೋಗುತ್ತಿತ್ತು. ಆದ್ದರಿಂದ ಬರೆಯುತ್ತಿದ್ದೇನೆ. ತಿಳಿದವರು ನಗಬಾರದು.

ಅಕ್ಕಲಕೋಟದಲ್ಲಿ ನಮ್ಮದು ಸಗಟು ಬಟ್ಟೆಯ ವ್ಯಾಪಾರ. ಮೈಂದರ್ಗಿ, ದುಧನಿ ಕಡೆಯ ಅಂಗಡಿಗಳಿಗೂ ಗಡಿ ದಾಟಿ ಆಳಂದದವರೆಗೂ ನಮ್ಮ ಮಾಲು ಹೋಗುತ್ತದೆ. ಲೆಕ್ಕಪತ್ರವೆಲ್ಲ 2013ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪಿನಲ್ಲಿದೆ. ನೋಡಿಕೊಳ್ಳುವವಳು ಹಿರಿಯ ಸೊಸೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಆ ಯಂತ್ರಕ್ಕೆ ಒಂದು ದಿನ ಇಂಟರ್‌ನೆಟ್ ಇಲ್ಲವೆಂದರೆ ಅಂಗಡಿಯ ಒಂದು ಕೈ ಕಟ್ಟಿದ ಹಾಗೆ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಾಗೆ ತಿಂಗಳ ರಿಟರ್ನ್ ಕೊಡುವವರು 11ನೇ ತಾರೀಖಿನೊಳಗೆ ಮಾರಾಟದ ಪಟ್ಟಿ ಏರಿಸಬೇಕು. ಏರಿಸಿದರೆ 14ಕ್ಕೆ ತಯಾರಾಗುವ ಪಟ್ಟಿಯಲ್ಲಿ ನಮ್ಮಿಂದ ಕೊಂಡವನಿಗೆ ಅವನು ಕಟ್ಟಿದ ತೆರಿಗೆಯ ಜಮಾ ಕಾಣುತ್ತದೆ. ನಾವು ತಡಮಾಡಿದರೆ ಅವನ ಜಮಾ ಒಂದು ತಿಂಗಳು ಮುಂದಕ್ಕೆ ಹೋಗಿ, ಆ ತಿಂಗಳು ಅವನು ತನ್ನ ಗಂಟಿನಿಂದ ಹಣ ತುಂಬಬೇಕು. ತಪ್ಪು ನಮ್ಮದು, ಬಿಸಿ ಅವನಿಗೆ. ಅಂಥವನು ಮುಂದಿನ ಹಬ್ಬಕ್ಕೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಾನೆಯೇ?

2024ರ ನವರಾತ್ರಿಯ ದಿನಗಳು. ದೀಪಾವಳಿಯ ಮಾಲು ಬಂದು ಬೀಳುತ್ತಿತ್ತು. ಅದೇ ವಾರ ಹಳೆಯ ಬ್ರಾಡ್‌ಬ್ಯಾಂಡ್ ತೆಗೆಸಿ ಫೈಬರ್ ಸಂಪರ್ಕ ಹಾಕಿಸಿದೆವು. ಬಂದ ಹುಡುಗ ಹೊಸ ರೌಟರನ್ನು ಮಾಳಿಗೆಯ ಗೋಡೆಗೆ ತೂಗುಹಾಕಿ, ಮನೆಯವರ ಮೊಬೈಲುಗಳಿಗೆಲ್ಲ ವೈ-ಫೈ ಹಚ್ಚಿಕೊಟ್ಟು, “ಕಾಕಾ, ಈಗ ನೋಡ್ರಿ ಸ್ಪೀಡ್” ಎಂದು ಹೇಳಿ ಹೋದ. ಮೊಬೈಲುಗಳು ಕುದುರೆಯಂತೆ ಓಡಿದವು. ಲ್ಯಾಪ್‌ಟಾಪಿನಲ್ಲಿ ಮಾತ್ರ ನಮ್ಮ ಹೊಸ ವೈ-ಫೈ ಹೆಸರೇ ಕಾಣಲಿಲ್ಲ. ತಂತಿ ಚುಚ್ಚುವ ರಂಧ್ರವೋ, ಮೂರು ವರ್ಷದಿಂದ ಸಡಿಲಾಗಿ ಕೆಲಸಕ್ಕೆ ಬಾರದಾಗಿತ್ತು.

ಯಂತ್ರವನ್ನು ದುರಸ್ತಿಯ ಅಂಗಡಿಗೆ ಕಳಿಸಿದೆ. ಅವರು ಎರಡು ದಿನ ಇಟ್ಟುಕೊಂಡು, ವಿಂಡೋಸ್ 10 ಅಳಿಸಿ ಮತ್ತೆ ಅದನ್ನೇ ಹೊಸದಾಗಿ ಹಾಕಿ, ಆದರೂ ಆಗಲಿಲ್ಲವೆಂದು ತಿರುಗಿ ಕೊಟ್ಟರು. “ವೈ-ಫೈ ಹೋಗೇದರಿ, ಮಷಿನ್ ಹಳೇದು, ಇದಕ್ಕ ರೊಕ್ಕ ಹಾಕಬ್ಯಾಡ್ರಿ, ಹೊಸದ ತಗೋರಿ” ಎಂದು ನಲವತ್ತೆರಡು ಸಾವಿರದ ಒಂದು ಕೊಟೇಶನ್ ಕೈಗಿಟ್ಟರು. ಪುಣ್ಯಕ್ಕೆ ಲೆಕ್ಕದ ಕಡತಗಳು ಡಿ ಡ್ರೈವಿನಲ್ಲಿದ್ದವು. ಸೊಸೆ ಪ್ರತಿ ಶನಿವಾರ ಪೆನ್‌ಡ್ರೈವಿಗೂ ಇಳಿಸಿಕೊಳ್ಳುತ್ತಿದ್ದಳು. ಅಂದು 8ನೇ ತಾರೀಖು, ಮಂಗಳವಾರ. ಉಳಿದದ್ದು ಮೂರು ದಿನ.

ಪುಣೆಯಲ್ಲಿರುವ ಕಿರಿಯ ಮಗನಿಗೆ ರಾತ್ರಿ ಫೋನು ಹಚ್ಚಿದೆ. ಅವನು ಮೊದಲು ಕೇಳಿದ್ದೇ, “ಅಪ್ಪಾ, ಕಾರ್ಡ್ ಸತ್ತೈತೋ, ಅದರ ಹೆಸರ ಗೊತ್ತಿಲ್ಲೋ, ಮೊದಲ ನೋಡ್ರಿ” ಎಂದು. ನನಗೆ ಒಗಟಿನಂತೆ ಕೇಳಿಸಿತು. ಆದರೆ ಇಡೀ ವ್ಯವಹಾರದ ಕೀಲಿ ಆ ಮಾತಿನಲ್ಲೇ ಇತ್ತು.

ಅದು ಹೇಗೆಂದರೆ, ಲ್ಯಾಪ್‌ಟಾಪಿನೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಹಲಗೆ ಇರುತ್ತದೆ. ಗಾಳಿಯಲ್ಲಿ ಬರುವ ಅಲೆಗಳನ್ನು ಹಿಡಿಯುವುದು, ಕಳಿಸುವುದು ಅದರ ಕೆಲಸ. ಅದನ್ನು ವಿಂಡೋಸ್ ಮಾತನಾಡಿಸಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಗೆ ಡ್ರೈವರ್ ಎನ್ನುತ್ತಾರೆ. ಕಾರ್ಡು ಗಟ್ಟಿಮುಟ್ಟಾಗಿದ್ದರೂ ಡ್ರೈವರ್ ಇಲ್ಲದಿದ್ದರೆ, ಸೊಲ್ಲಾಪುರದ ಪೇಟೆಗೆ ಮರಾಠಿಯಾಗಲಿ ಕನ್ನಡವಾಗಲಿ ಬಾರದ ದಲಾಲನನ್ನು ಕಳಿಸಿದ ಹಾಗೆ. ದುರಸ್ತಿಯವರು ವಿಂಡೋಸ್ ಅಳಿಸಿದಾಗ ಮೊದಲಿದ್ದ ದುಭಾಷಿಯೂ ಅಳಿಸಿಹೋಗಿದ್ದ. ಅಂದರೆ ಮೊದಲು ಒಂದು ರೋಗವಿತ್ತು, ಔಷಧ ಕೊಟ್ಟ ಮೇಲೆ ಎರಡಾದವು.

ಮಗ ಹೇಳಿದಂತೆ ಸೊಸೆ ಪರದೆಯ ಕೆಳಗಿನ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆಗೆದಳು. ಯಂತ್ರದಲ್ಲಿರುವ ಸಾಮಾನುಗಳ ಪಟ್ಟಿ ಅಲ್ಲಿರುತ್ತದೆ, ನಮ್ಮ ಸ್ಟಾಕ್ ರಜಿಸ್ಟರ್ ಇದ್ದಂತೆ. ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಸಾಲಿನಲ್ಲಿ ವೈ-ಫೈ ಇರಲಿಲ್ಲ. ಆದರೆ ಇತರೆ ಸಾಮಾನುಗಳ ಸಾಲಿನಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂದು ಹಳದಿ ಗುರುತಿನೊಡನೆ ಒಂದು ಅನಾಮಧೇಯ ಕುಳಿತಿತ್ತು.

“ಅಂದ್ರ ಕಾರ್ಡ್ ಜೀವಂತ ಐತಿ” ಎಂದ ಮಗ.

ಓದುಗರು ಇದೊಂದನ್ನು ನೆನಪಿಡಬೇಕು. ಪಟ್ಟಿಯಲ್ಲಿ ಹಳದಿ ಗುರುತಿನಿಂದಾದರೂ ಕಂಡರೆ ಕಾರ್ಡು ಬಹುತೇಕ ಬದುಕಿದೆ, ಡ್ರೈವರ್ ಬೇಕಾಗಿದೆ. ಪಟ್ಟಿಯಲ್ಲಿ ಸುಳಿವೇ ಇಲ್ಲದಿದ್ದರೆ ಕಾರ್ಡು ಸತ್ತಿರಬಹುದು, ಕೂಡುವ ಜಾಗದಲ್ಲಿ ಸಡಿಲಾಗಿರಬಹುದು, ಇಲ್ಲವೆ ಯಂತ್ರದ ಬಯೋಸ್‌ನಲ್ಲಿ ಯಾರೋ ಅದನ್ನು ಬಂದ್ ಮಾಡಿರಬಹುದು. ಹೆಸರು ಸರಿಯಾಗಿ ಕಂಡೂ ವೈ-ಫೈ ಬಾರದಿದ್ದರೆ ಏರೋಪ್ಲೇನ್ ಮೋಡ್ ನೋಡಿರಿ. ಹಳೆಯ ಕೆಲವು ಲ್ಯಾಪ್‌ಟಾಪುಗಳ ಪಕ್ಕದಲ್ಲಿ ವೈ-ಫೈಗೆಂದೇ ಒಂದು ಸಣ್ಣ ಸ್ವಿಚ್ಚು ಇರುತ್ತದೆ, ಚೀಲದಲ್ಲಿ ಹಾಕುವಾಗ ಸರಿದುಬಿಡುತ್ತದೆ, ಅದನ್ನೂ ನೋಡಿರಿ. ಸ್ವಿಚ್ಚು ಸರಿಸಿ ಐನೂರು ರೂಪಾಯಿ ತೆಗೆದುಕೊಂಡವರನ್ನು ನಾನು ಕಂಡಿದ್ದೇನೆ.

ಅನಾಮಧೇಯನ ಹೆಸರು ಕಂಡುಹಿಡಿಯುವ ಬಗೆ ನನಗೆ ಬಹಳ ಹಿಡಿಸಿತು. ಆ ಸಾಲಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅದರೊಳಗೆ ಡೀಟೇಲ್ಸ್, ಅದರೊಳಗೆ ಹಾರ್ಡ್‌ವೇರ್ ಐಡಿ ಎಂದು ತೆಗೆದರೆ ಒಂದು ಉದ್ದ ನಂಬರು ಬರುತ್ತದೆ. ಜಿಎಸ್‌ಟಿ ನಂಬರಿನಲ್ಲಿ ಮೊದಲ ಎರಡು ಅಂಕಿ 27 ಇದ್ದರೆ ಮಹಾರಾಷ್ಟ್ರ, 29 ಇದ್ದರೆ ಕರ್ನಾಟಕ ಎಂದು ನಾವು ಕಣ್ಣುಮುಚ್ಚಿ ಹೇಳುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ. ‘ವೆನ್’ ಎಂಬ ಅಕ್ಷರಗಳ ಮುಂದಿನ ನಾಲ್ಕು ಅಂಕಿ ತಯಾರಿಸಿದವನ ಗುರುತು. 8086 ಇದ್ದರೆ ಇಂಟೆಲ್, 14ಇ4 ಇದ್ದರೆ ಬ್ರಾಡ್‌ಕಾಮ್, 10ಇಸಿ ಇದ್ದರೆ ರಿಯಲ್‌ಟೆಕ್, 168ಸಿ ಇದ್ದರೆ ಅಥೆರಾಸ್, 14ಸಿ3 ಇದ್ದರೆ ಮೀಡಿಯಾಟೆಕ್. ‘ಡೆವ್’ ಎಂಬುದರ ಮುಂದಿನ ನಾಲ್ಕು ಅಂಕಿ ಅವನ ಯಾವ ಮಾಲು ಎಂಬುದನ್ನು ಹೇಳುತ್ತದೆ. ಲ್ಯಾಪ್‌ಟಾಪಿನ ಮೇಲೆ ಬರೆದ ಹೆಸರು ಒಂದು, ಒಳಗಿನ ಕಾರ್ಡು ಮಾಡಿದವನು ಇನ್ನೊಬ್ಬ. ಒಂದೇ ಮಾದರಿಯ ಎರಡು ಲ್ಯಾಪ್‌ಟಾಪುಗಳಲ್ಲಿ ಬೇರೆ ಬೇರೆ ಕಾರ್ಡು ಇರುವುದುಂಟು. ಆದ್ದರಿಂದ ಮೇಲಿನ ಹೆಸರು ನೋಡಿ ಡ್ರೈವರ್ ತಂದರೆ ಮೋಸ ಹೋಗುತ್ತೀರಿ. ನಮ್ಮದು 14ಇ4 ಎಂದು ಬಂತು. ಸೊಸೆ ಪೂರ್ತಿ ನಂಬರನ್ನು ಚೀಟಿಯಲ್ಲಿ ಬರೆದುಕೊಂಡಳು.

ಈಗ ಇನ್ನೊಂದು ತೊಡಕು. ಡ್ರೈವರ್ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯೇ ಸರಿ. ಇದಕ್ಕೆ ಉಪಾಯ ನಮ್ಮೆಲ್ಲರ ಜೇಬಿನಲ್ಲೇ ಇದೆ. ಮೊಬೈಲನ್ನು ಚಾರ್ಜ್ ಮಾಡುವ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟ್ ಇರುವ ಜಾಗದಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಚಾಲೂ ಮಾಡಿದರೆ, ಮೊಬೈಲಿನ ಇಂಟರ್‌ನೆಟ್ ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಆಂಡ್ರಾಯ್ಡ್ ಮೊಬೈಲು, ವಿಂಡೋಸ್ 10 ಇದ್ದಲ್ಲಿ ಸಾಮಾನ್ಯವಾಗಿ ಬೇರೇನೂ ಬೇಡ. ತಂತಿ ಮಾತ್ರ ಬರೀ ಚಾರ್ಜಿನದ್ದಾಗಿರದೆ ಫೋಟೊ ಸಾಗಿಸುವಂಥದ್ದಾಗಿರಬೇಕು. ನಮ್ಮ ಮನೆಯ ನಾಲ್ಕು ತಂತಿಗಳಲ್ಲಿ ಮೂರು ಬರೀ ಚಾರ್ಜಿನವು. ನಾಲ್ಕನೆಯದು ಮೊಮ್ಮಗನ ಆಟಿಗೆ ಡಬ್ಬಿಯಲ್ಲಿ ಸಿಕ್ಕಿತು.

ಆ ರಾತ್ರಿಯೇ ಸೊಸೆ ಟೆದರಿಂಗ್ ಮೇಲೆ ಮಾರಾಟದ ಪಟ್ಟಿ ಏರಿಸಿಬಿಟ್ಟಳು. “ಮಾವಾರ, ಕೆಲಸ ಆತು, ಇನ್ನ ಮಲಗ್ರಿ” ಎಂದಳು. ಹನ್ನೊಂದೂವರೆಯಾಗಿತ್ತು. ನನಗೆ ನಿದ್ದೆ ಬಂದದ್ದು ಆಮೇಲೆ. ಹೊಸ ಯಂತ್ರಕ್ಕೆ ಓಡಬೇಕೆಂದಿದ್ದ ಗಡಿಬಿಡಿ ಅಲ್ಲಿಗೆ ಇಳಿಯಿತು. ಗಡಿಬಿಡಿಯಲ್ಲಿದ್ದಾಗ ಕೊಟೇಶನ್ ಕೈಗೆ ತೆಗೆದುಕೊಳ್ಳಬಾರದೆಂದು ಹೆಣ್ಣುಮಕ್ಕಳ ಮದುವೆಯ ಜವಳಿ ಮಾರುವಾಗ ನಾನೇ ಗಿರಾಕಿಗಳಿಗೆ ಹೇಳುತ್ತೇನೆ. (ಹೇಳಿದ್ದನ್ನು ಮನೆಯವರು ನನಗೆ ನೆನಪಿಸಿದರು.)

ಮರುದಿನ ಡ್ರೈವರಿನ ಕೆಲಸ. ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಜಾಲತಾಣದಲ್ಲಿ, ಯಂತ್ರದ ಬೆನ್ನಿನ ಮೇಲಿರುವ ಮಾದರಿ ನಂಬರು ಹಾಕಿದರೆ ಆ ಯಂತ್ರಕ್ಕೆ ಬೇಕಾದ ಡ್ರೈವರುಗಳ ಪಟ್ಟಿ ಬರುತ್ತದೆ. ಅದರಲ್ಲಿ ಬ್ರಾಡ್‌ಕಾಮಿನದು ಆರಿಸಿದರಾಯಿತು. ಅಲ್ಲಿಗೆ ಹೋಗದೆ, ನಿಮ್ಮ ಎಲ್ಲ ಡ್ರೈವರುಗಳನ್ನೂ ಪುಕ್ಕಟೆ ಸರಿಮಾಡುತ್ತೇವೆಂದು ಹಲ್ಲು ಕಿರಿಯುವ ಜಾಹೀರಾತುಗಳನ್ನು ಒತ್ತಬೇಡಿರಿ. ಅಂಥವು ಕೆಲವೊಮ್ಮೆ ಡ್ರೈವರಿನ ಜೊತೆಗೆ ಬೇಡದ ನೆಂಟರನ್ನೂ ತಂದು ಕೂರಿಸುತ್ತವೆ. ಲೆಕ್ಕ ಇರುವ ಯಂತ್ರದಲ್ಲಿ ಅಪರಿಚಿತ ನೆಂಟರು ಬೇಡ. ಡ್ರೈವರ್ ಹಾಕಿ ಯಂತ್ರ ಬಂದ್ ಮಾಡಿ ಚಾಲೂ ಮಾಡಿದೆವು. ಹಳದಿ ಗುರುತು ಹೋಯಿತು, ಅನಾಮಧೇಯನಿಗೆ ಹೆಸರು ಬಂತು. ಪರದೆಯ ಮೂಲೆಯಲ್ಲಿ ವೈ-ಫೈ ಹೆಸರುಗಳು ಸಾಲಾಗಿ ಬಂದವು. ಎದುರಿನ ಔಷಧಿ ಅಂಗಡಿಯದು, ಪಕ್ಕದ ಮನೆಯದು, ಹಿಂದಿನ ಬೀದಿಯ ಯಾರದೋ. ನಮ್ಮದೊಂದು ಬಿಟ್ಟು!

ಅಂದರೆ ಎರಡನೆಯ ರೋಗ ವಾಸಿಯಾಗಿತ್ತು, ಮೊದಲನೆಯದು ಹಾಗೆಯೇ ಉಳಿದಿತ್ತು. ನೆರೆಯವರದು ಕಂಡು ನಮ್ಮದು ಕಾಣದಿದ್ದರೆ ಕಾರ್ಡಿನ ತಪ್ಪಲ್ಲ, ಗಂಟು ರೌಟರಿನಲ್ಲಿದೆ. ಇದನ್ನು ತಿಳಿಯಲು ಸ್ವಲ್ಪ ಹಿಂದಿನ ಸಂಗತಿ ಬೇಕು.

ವೈ-ಫೈಗೆ ಆಧಾರವಾದ 802.11 ಎಂಬ ನಿಯಮ ಬಂದದ್ದು 1997ರಲ್ಲಿ. ಆಗ ಅದರ ವೇಗ ಸೆಕೆಂಡಿಗೆ ಎರಡು ಮೆಗಾಬಿಟ್. 1999ರಲ್ಲಿ ಹನ್ನೊಂದು, 2003ರಲ್ಲಿ ಐವತ್ತನಾಲ್ಕು ಹೀಗೆ ಏರುತ್ತ ಬಂತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಎಂಬ ಅಲೆಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಯಾರೂ ಬಳಸಬಹುದೆಂದು ಸರಕಾರ ಆದೇಶ ಹೊರಡಿಸಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗ ಹಾಗೆ ಮುಕ್ತವಾದದ್ದು 2018ರ ಅಕ್ಟೋಬರಿನಲ್ಲಿ. 2013ರ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಿಗೆ 2.4 ಮಾತ್ರ ಹಿಡಿಯುವ ಕಾರ್ಡು ಹಾಕುವುದು ಸಾಮಾನ್ಯವಾಗಿತ್ತು. ನಮ್ಮದೂ ಅಂಥದ್ದೇ. ಹೊಸ ರೌಟರ್ ಎರಡನ್ನೂ ಬಲ್ಲದು, ಆದರೆ ಆ ಹುಡುಗ ಸ್ಪೀಡಿನ ಉತ್ಸಾಹದಲ್ಲಿ 2.4 ಬಂದ್ ಮಾಡಿ ಬರೀ 5 ಇಟ್ಟುಹೋಗಿದ್ದ. ಹಳೆಯ ಕಾರ್ಡಿಗೆ 5ರ ಅಲೆ ಇದ್ದೂ ಇಲ್ಲದ ಹಾಗೆ.

ಮಗ ಪುಣೆಯಿಂದಲೇ ಹೇಳಿಕೊಟ್ಟಂತೆ ಮೊಬೈಲಿನಿಂದ ರೌಟರಿನ ಒಳಗೆ ಹೋಗಿ 2.4 ಚಾಲೂ ಮಾಡಿದೆವು. ಹೆಸರು ಕಂಡಿತು. ಪಾಸ್‌ವರ್ಡ್ ಹಾಕಿದರೆ ಸೇರಲೊಲ್ಲದು! ಅಲ್ಲಿ ಬೀಗದ ತಕರಾರು. ವೈ-ಫೈಗೆ ಹಾಕುವ ಬೀಗಗಳಲ್ಲಿ ಮೊದಲನೆಯದು ಡಬ್ಲ್ಯುಇಪಿ. ಅದು ಮುರಿಯುವಂಥದ್ದೆಂದು 2001ರಲ್ಲೇ ಜಗಜ್ಜಾಹೀರಾಯಿತು. 2004ರಲ್ಲಿ ಬಂದ ಡಬ್ಲ್ಯುಪಿಎ-2 ಗಟ್ಟಿ, 2018ರಲ್ಲಿ ಬಂದ ಡಬ್ಲ್ಯುಪಿಎ-3 ಇನ್ನೂ ಗಟ್ಟಿ. ರೌಟರಿನಲ್ಲಿ ಮೂರನೆಯದು ಮಾತ್ರ ಇಟ್ಟಿತ್ತು. 2013ರ ಕಾರ್ಡಿಗೆ ಅದರ ಕೀಲಿ ಗೊತ್ತಿಲ್ಲ. ಎರಡು ಮತ್ತು ಮೂರು ಕೂಡಿದ ಬೀಗ ಆರಿಸಿದೆವು. ಸೇರಿತು. ಬುಧವಾರ ಮಧ್ಯಾಹ್ನ ಆಳಂದದ ಮಾಲಿಗೆ ಇ-ವೇ ಬಿಲ್ ಅದೇ ಯಂತ್ರದಿಂದ ಹೊರಟಿತು. ಖರ್ಚು ಸೊನ್ನೆ, ದುರಸ್ತಿಯವರಿಗೆ ಮೊದಲೇ ಕೊಟ್ಟ ಎಂಟುನೂರು ಬಿಟ್ಟು.

5 ಬಂದರೆ ಸ್ಪೀಡ್ ಹೆಚ್ಚು, ನಿಜ. ಆದರೆ ಅದರ ಅಲೆ ಗೋಡೆಯಲ್ಲಿ ಬೇಗ ಸೊರಗುತ್ತದೆ. ನಮ್ಮಂಥ ಹಳೆಯ ವಾಡೆಗಳ ಎರಡಡಿ ದಪ್ಪದ ಕಲ್ಲುಗೋಡೆ ದಾಟಿ ಹಿಂದಿನ ಗೋದಾಮಿನವರೆಗೆ ತಕ್ಕಮಟ್ಟಿಗೆ ಮುಟ್ಟುವುದು 2.4ರದ್ದೇ. ರಿಟರ್ನ್ ತುಂಬಲು, ಬಿಲ್ ಕಳಿಸಲು ಎಷ್ಟು ವೇಗ ಬೇಕು? ಸಿನಿಮಾ ನೋಡುವವರಿಗೆ 5 ಇರಲಿ, ಅಂಗಡಿಗೆ 2.4 ಸಾಕೆಂಬುದು ನನ್ನ ಮತ. ಒಂದು ಮಾತ್ರ, ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಇದೇ 2.4ರ ಹತ್ತಿರದ ಅಲೆಯದು. ರೌಟರನ್ನು ಅದರ ಮಗ್ಗುಲಲ್ಲಿ ಇಡಬೇಡಿರಿ.

ಇಷ್ಟು ಕಲಿತ ಮೇಲೆ ನನಗೆ ಸ್ವಲ್ಪ ಕೊಂಬು ಬಂದಿತ್ತೆಂದು ಕಾಣುತ್ತದೆ. ಇಂಡಿಯ ನಮ್ಮ ಬೀಗರ ಲ್ಯಾಪ್‌ಟಾಪಿನಲ್ಲೂ ವೈ-ಫೈ ಇಲ್ಲವೆಂದು ಕೇಳಿ ನಾನೇ ಹೋದೆ. ಅಲ್ಲಿ ಪಟ್ಟಿಯಲ್ಲಿ ಸುಳಿವೇ ಇರಲಿಲ್ಲ, ಬಯೋಸ್‌ನಲ್ಲಿ ಎಲ್ಲ ಸರಿಯಿತ್ತು. ಕಾರ್ಡು ನಿಜವಾಗಿಯೂ ಸತ್ತಿತ್ತು. ಹೊಸ ಕಾರ್ಡು ತಂದು ಹಾಕೋಣವೆಂದು ಸೊಲ್ಲಾಪುರದಿಂದ ಒಂದನ್ನು ಒಯ್ದೆ. ಹಿಂಬದಿಯ ಮುಚ್ಚಳ ತೆಗೆದರೆ ಅಳತೆಯೇ ಬೇರೆ. ಹಳೆಯ ಯಂತ್ರಗಳಲ್ಲಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ಜಾತಿಯ ಕಾರ್ಡು, ಸುಮಾರು 30 ಮಿಲಿಮೀಟರ್ ಅಗಲ, 27 ಉದ್ದ. ಹೊಸ ಯಂತ್ರಗಳಲ್ಲಿ ಎಂ.2 ಎಂಬ ಜಾತಿ, 22 ಅಗಲ, 30 ಉದ್ದ. ಒಂದರ ಬಾಯಿಗೆ ಇನ್ನೊಂದು ಕೂಡುವುದಿಲ್ಲ. ಬೀಗರು ನಗುತ್ತ, “ನಲವತ್ತ ವರ್ಷ ಬಟ್ಟಿ ಅಳದ್ರಿ ಬೀಗರ, ಇದೊಂದ ಅಳೀದ ತಂದ್ರಿ?” ಎಂದರು. ಉತ್ತರ ಕೊಡಲು ಆಗಲಿಲ್ಲ, ಚಹಾ ಕುಡಿದೆ.

ಎರಡನೆಯ ಸಲ ಅಳತೆ ನೋಡಿ ತಂದೆ. ಎಂ.2 ಜಾತಿಯಲ್ಲೂ ಒಂದು ಒಳಮರ್ಮವಿದೆ, ಅದನ್ನು ಮಗ ಹೇಳಿದ. ಇಂಟೆಲಿನ ಎಎಕ್ಸ್ 200 ಎಂಬುದೂ ಎಎಕ್ಸ್ 201 ಎಂಬುದೂ ನೋಡಲು ಅವಳಿಜವಳಿ. ಮೊದಲನೆಯದು ಸ್ವತಂತ್ರ ಕಾರ್ಡು. ಎರಡನೆಯದರ ಅರ್ಧ ಕೆಲಸ ಇಂಟೆಲಿನ ಕೆಲವು ಹೊಸ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಒಳಗೇ ನಡೆಯುವುದರಿಂದ, ಅಂಥ ಯಂತ್ರ ಬಿಟ್ಟು ಬೇರೆಡೆ ಹಾಕಿದರೆ ಅದು ಏಳುವುದೇ ಇಲ್ಲ. ಕೊಳ್ಳುವಾಗ ಆ ಒಂದು ಅಂಕಿ ನೋಡಿ ಕೊಳ್ಳಿರಿ. ಇನ್ನು ಕೆಲವು ಕಂಪನಿಗಳ ಹಳೆಯ ಲ್ಯಾಪ್‌ಟಾಪುಗಳು ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಚಾಲೂ ಆಗಲು ಒಪ್ಪುವುದಿಲ್ಲ; ಅಂಥಲ್ಲಿ ಮುಚ್ಚಳ ತೆಗೆಯುವ ಗೋಜಿಗೇ ಹೋಗದೆ, ಹೊರಗಿನಿಂದ ಚುಚ್ಚುವ ಯುಎಸ್‌ಬಿ ವೈ-ಫೈ ಗುಬಟಿ ತಂದರೆ ಕೆಲಸ ಆಗುತ್ತದೆ.

ಮುಚ್ಚಳ ತೆಗೆಯುವವರು ಮೊದಲು ಯಂತ್ರ ಪೂರ್ತಿ ಬಂದ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿಯನ್ನೂ ಬಿಡಿಸಬೇಕು. ಕೈಯಲ್ಲಿ ಕೂತ ವಿದ್ಯುತ್ ಇಳಿಯಲೆಂದು ಯಾವುದಾದರೂ ದೊಡ್ಡ ಲೋಹದ ಸಾಮಾನು ಮುಟ್ಟಬೇಕು. ಪಾಲಿಸ್ಟರ್ ಅಂಗಿ ತೊಟ್ಟು ಮಾಡಬಾರದು, ಬಟ್ಟೆ ವ್ಯಾಪಾರಿಯಾಗಿ ಇದನ್ನು ಒತ್ತಿ ಹೇಳಬಲ್ಲೆ. ಕಾರ್ಡಿಗೆ ಸಾಮಾನ್ಯವಾಗಿ ಒಂದೋ ಎರಡೋ ಸ್ಕ್ರೂ, ಮತ್ತು ಸೇವಿಗೆಯಷ್ಟು ಸಣ್ಣ ಎರಡು ತಂತಿ, ಹೆಚ್ಚಾಗಿ ಒಂದು ಕಪ್ಪು ಒಂದು ಬಿಳಿ. ಅವೇ ಅಲೆ ಹಿಡಿಯುವ ಆಂಟೆನಾದ ತಂತಿಗಳು. ಪರದೆಯ ಅಂಚಿನವರೆಗೆ ಹೋಗಿರುತ್ತವೆ. ತುದಿಯಲ್ಲಿ ಸಾಸಿವೆ ಗಾತ್ರದ ಟೊಪ್ಪಿಗೆ ಇರುತ್ತದೆ. ನೇರ ಮೇಲಕ್ಕೆ ಎತ್ತಬೇಕು, ಎಳೆಯಬಾರದು. ಹಾಕುವಾಗ ನೇರ ಕೆಳಕ್ಕೆ ಒತ್ತಬೇಕು, ಟಕ್ ಎಂದು ಕೂಡುತ್ತದೆ. ಪದೇ ಪದೇ ತೆಗೆದು ಹಾಕಿದರೆ ಸಡಿಲಾಗುತ್ತದೆ. ಯಾವ ಬಣ್ಣ ಎಲ್ಲಿತ್ತೆಂದು ತೆಗೆಯುವ ಮೊದಲೇ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿರಿ. ತಂತಿ ಹಚ್ಚಲು ಮರೆತರೆ ವೈ-ಫೈ ಮೂರು ಹೆಜ್ಜೆ ದೂರಕ್ಕೆ ಮಾತ್ರ ಬಂದು, ಕಾರ್ಡು ಕೆಟ್ಟದೆಂದು ಮತ್ತೆ ಅಂಗಡಿಯವನ ಜೊತೆ ಜಗಳವಾಗುತ್ತದೆ.

ಬೀಗರ ಯಂತ್ರ ಚಾಲೂ ಆಯಿತು. ಆದರೆ ಯಾವ ಪುಟವೂ ತೆರೆಯಲಿಲ್ಲ. ನೋಡಿದರೆ ಯಂತ್ರದಲ್ಲಿ ವರ್ಷ 2012 ಎಂದಿತ್ತು! ಒಳಗಿನ ಗುಂಡಿಯಂಥ ಸೆಲ್ಲು ತೀರಿದರೆ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಸುರಕ್ಷಿತ ತಾಣಗಳು ಯಂತ್ರವನ್ನು ನಂಬುವುದಿಲ್ಲ. ತಾರೀಖು ತಿದ್ದಿ, ಸೆಲ್ಲು ಬದಲಿಸಿದೆವು.

ನಮ್ಮ ಯಂತ್ರದ ವಿಷಯಕ್ಕೆ ಬಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ರಕ್ಷಣೆ ನಿಂತಿತು. ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ ಹೆಚ್ಚಿಗೆ ಕೊಟ್ಟರು, ಸೊಸೆ ನೋಂದಾಯಿಸಿದಳು. ತೆರಿಗೆಯ ಕೆಲಸವನ್ನು ರಕ್ಷಣೆಯಿಲ್ಲದ ಯಂತ್ರದಲ್ಲಿ ಮಾಡಬಾರದೆಂಬುದನ್ನು ನಾನು ಒಪ್ಪುತ್ತೇನೆ. ಹೊಸ ಯಂತ್ರ ಬೇಕಾಗುವುದೂ ಅದಕ್ಕೇ ಹೊರತು ವೈ-ಫೈ ಹೋಯಿತೆಂಬ ಕಾರಣಕ್ಕಲ್ಲ. ಆ ಚೀಟಿಯ ನಂಬರು, ರೌಟರಿನಲ್ಲಿ ಬದಲಿಸಿದ್ದು, ಬದಲಿಸಿದ ತಾರೀಖು, ಎಲ್ಲವನ್ನೂ ಸೊಸೆ ರೋಕಡ ವಹಿಯ ಹಿಂದಿನ ರಟ್ಟಿನ ಒಳಮೈಗೆ ಬರೆದಿಟ್ಟಿದ್ದಾಳೆ. ಬೀಗರ ಕಾರ್ಡಿನ ಅಳತೆಯನ್ನೂ ಅದರ ಕೆಳಗೆ ನಾನೇ ಬರೆದೆ.